ಕಲ್ಪಿತ ದೇವತೆಯೂ ‘ಫಲವಂತಿಕೆ’ ಎಂಬ ಪದವೂ

ಜಾನಪದ ಹಾಗೂ ಸಂಸ್ಕೃತಿ ಅಧ್ಯಯನದ ಬರಹಗಳಲ್ಲಿ ‘ಫಲವಂತಿಕೆಯ ದೇವತೆ’ ಎಂಬ ನುಡಿಗಟ್ಟು ಕಾಣಿಸಿಕೊಂಡ ಕೂಡಲೇ ಚರ್ಚೆ ಬಹುಮಟ್ಟಿಗೆ ನಿಂತುಹೋಗುತ್ತದೆ. ದೇವಿಯ ಜಾತ್ರೆ ಬಿತ್ತನೆಗೆ ಮುಂಚೆಯೋ ಸುಗ್ಗಿಯ ಬಳಿಕವೋ ನಡೆಯುವುದಾದರೆ, ಹರಕೆ ಹೊತ್ತವರಲ್ಲಿ ಮಕ್ಕಳಿಲ್ಲದ ಹೆಂಗಸರಿದ್ದರೆ, ಮೂರ್ತಿಯ ಮೊಲೆ ಹೊಟ್ಟೆಗಳು ಎದ್ದು ಕಾಣುವಂತಿದ್ದರೆ, ಅವಳನ್ನು ಆದಿಮ ಮಾತೃದೇವತೆಯ ಸಾಲಿಗೆ ಸೇರಿಸಿ ಲೇಖನ ಮುಂದಕ್ಕೆ ಹೋಗುತ್ತದೆ. ಹೊಲ ಯಾರದು, ಬೀಜ ಯಾರು ಕೊಟ್ಟರು, ಬೆಳೆ ಯಾರ ಮನೆ ಸೇರಿತು, ಆಚರಣೆಯ ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂಬ ಪ್ರಶ್ನೆಗಳು ಆ ಪದದ ಹಿಂದೆ ಮರೆಯಾಗುತ್ತವೆ. ವಿವರಣೆಯ ಆರಂಭವಾಗಬೇಕಾದ ಪದವೇ ವಿವರಣೆಯ ಮುಕ್ತಾಯವಾಗಿಬಿಟ್ಟಿದೆ.

ಈ ಪದದ ಶಕ್ತಿಯನ್ನೂ ಅದರ ಮಿತಿಯನ್ನೂ ಪರೀಕ್ಷಿಸುವುದಕ್ಕೆ ಅನಿರೀಕ್ಷಿತವಾದ ಆಕರವೊಂದಿದೆ. ಅದು ಯಾವ ಜನಸಮುದಾಯವೂ ನಂಬದ, ಯಾವ ಊರಿನಲ್ಲೂ ಗುಡಿಯಿಲ್ಲದ, ಆಟವೊಂದಕ್ಕಾಗಿ ಕಲ್ಪಿಸಿದ ಭೂದೇವಿಯ ಮತ. ಅಮೆರಿಕದ ಗ್ರೆಗ್ ಸ್ಟಾಫರ್ಡ್ ಅವರು 1966ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯತೊಡಗಿ, 2018ರಲ್ಲಿ ತೀರಿಕೊಳ್ಳುವವರೆಗೂ ಬೆಳೆಸುತ್ತ ಹೋದ ‘ಗ್ಲೊರಾಂತ’ ಎಂಬ ಕಲ್ಪಿತ ಲೋಕದಲ್ಲಿ ಎರ್ನಾಲ್ಡಾ ಎಂಬ ಭೂದೇವಿಯಿದ್ದಾಳೆ. ಅವಳ ಸುತ್ತ ಪುರಾಣ, ಪಂಥ, ಪೂಜಾರಿಣಿ, ಪರ್ವದಿನ, ಮದುವೆಯ ಕಟ್ಟಳೆ ಎಲ್ಲವೂ ಬೆಳೆದಿವೆ. ಇದನ್ನು ಮನರಂಜನೆಯ ಸರಕೆಂದು ಬದಿಗಿಡುವುದು ಸುಲಭ, ಸರಕೆಂಬುದೂ ನಿಜ. ಆದರೆ ದೇವತಾವಿಜ್ಞಾನದ ಪುಸ್ತಕಗಳನ್ನು ಓದಿದವರು ಕುಳಿತು ದೇವತೆಯೊಬ್ಬಳನ್ನು ತಯಾರಿಸಿದಾಗ ಆ ಪುಸ್ತಕಗಳಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಬಯಲಾಗುತ್ತದೆ.

ಆಟದ ಸ್ವರೂಪವನ್ನು ಚುಟುಕಾಗಿ ಹೇಳುವುದಾದರೆ, ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಸೂತ್ರಧಾರರಾಗಿ ಸನ್ನಿವೇಶವನ್ನು ವಿವರಿಸುತ್ತಾರೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ನುಡಿಯುತ್ತದೆ ಎಂಬುದನ್ನು ಸ್ಥಳದಲ್ಲೇ ಕಲ್ಪಿಸಿಕೊಂಡು ಹೇಳುತ್ತಾರೆ. ಸಂದೇಹವಿದ್ದಲ್ಲಿ ದಾಳ ನಿರ್ಣಯಿಸುತ್ತದೆ. ಇಂಥ ಆಟಗಳನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ವೇಷವಿಲ್ಲದೆ ಕುಳಿತು ಆಶುವಾಗಿ ಪಾತ್ರದ ಮಾತನ್ನಾಡುವ ತಾಳಮದ್ದಳೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ವ್ಯತ್ಯಾಸವಿರುವುದು ಪ್ರಸಂಗದಲ್ಲಿ: ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಯಲೇಬೇಕು, ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಈ ಬಗೆಯ ಆಟಗಳಲ್ಲಿ ಮೊದಲು ಪ್ರಕಟವಾದದ್ದು 1974ರ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗ್ಲೊರಾಂತ ಲೋಕವು 1975ರಲ್ಲಿ ಹಲಗೆಯಾಟವೊಂದರ ಮೂಲಕ ಪ್ರಕಟಣೆಗೆ ಬಂದು, 1978ರ ‘ರೂನ್‌ಕ್ವೆಸ್ಟ್’ನಲ್ಲಿ ಪಾತ್ರಧಾರಣೆಯ ಆಟವಾಯಿತು.

ಎರ್ನಾಲ್ಡಾಳ ಕುಲಪರಿವಾರವನ್ನು ನೋಡಿದರೆ ಪಾಶ್ಚಾತ್ಯ ವಿದ್ವತ್ತಿನ ಋಣ ಎದ್ದು ಕಾಣುತ್ತದೆ. ಅವಳು ಬಿರುಗಾಳಿಯ ದೇವರಾದ ಒರ್ಲಾಂತ್‌ನ ಹೆಂಡತಿ. ವಸಂತದ ಕನ್ಯೆ ವೋರಿಯಾ, ತಾಯಿ ಎರ್ನಾಲ್ಡಾ, ನೆಲದೊಳಗಿನ ಸಂಪತ್ತನ್ನು ಕಾಯುವ ಮುದುಕಿ ಅಸ್ರೀಲಿಯಾ ಎಂಬ ಏರ್ಪಾಡಿನಲ್ಲಿ ಕನ್ಯೆ, ತಾಯಿ, ಮುದುಕಿ ಎಂಬ ತ್ರಿಮೂರ್ತಿಯ ನೆರಳಿದೆ. ಈ ತ್ರಿಮೂರ್ತಿಯನ್ನು ಜನಪ್ರಿಯಗೊಳಿಸಿದ್ದು 1948ರಲ್ಲಿ ಪ್ರಕಟವಾದ ರಾಬರ್ಟ್ ಗ್ರೇವ್ಸ್ ಅವರ ‘ದ ವೈಟ್ ಗಾಡೆಸ್’. ಮಹಾಂಧಕಾರದ ಯುಗದಲ್ಲಿ ಎರ್ನಾಲ್ಡಾ ನಿದ್ರೆಗೆ ಸಂದಾಗ ಲೋಕವೆಲ್ಲ ಬತ್ತಿಹೋಯಿತು. ಅವಳು ಎಚ್ಚತ್ತಾಗ ಮರಳಿ ಚಿಗುರಿತು. ಸತ್ತು ಹುಟ್ಟುವ ದೇವತೆಯ ಈ ಆಕೃತಿ ಜೇಮ್ಸ್ ಫ್ರೇಜರ್ ಅವರ ‘ದ ಗೋಲ್ಡನ್ ಬೌ’ 1890ರಲ್ಲಿ ಹೊರಬಂದ ಮೇಲೆ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ನೆಲೆಯೂರಿದ್ದು. ಭಕ್ತರು ಪುರಾಣವನ್ನು ಆಚರಣೆಯ ಮೂಲಕ ತಾವೇ ನಡೆದು ಬರುವ ‘ಹೀರೋಕ್ವೆಸ್ಟ್’ ಎಂಬ ಕಲ್ಪನೆಯ ಹಿಂದೆ ಜೋಸೆಫ್ ಕ್ಯಾಂಬೆಲ್ ಅವರ ವೀರಯಾತ್ರೆ ಇದೆ.

ವಿಚಿತ್ರವೆಂದರೆ, ಕಲ್ಪಿತ ಮತವು ಹೀಗೆ ಆಧಾರವಾಗಿ ಹಿಡಿದ ವಿದ್ವತ್ತು ಅಷ್ಟರಲ್ಲಾಗಲೇ ಅಲುಗಾಡುತ್ತಿತ್ತು. ಹಳೆಯ ಶಿಲಾಯುಗ ನವಶಿಲಾಯುಗಗಳ ಹೆಣ್ಣುಬೊಂಬೆಗಳೆಲ್ಲ ಒಬ್ಬಳೇ ಮಹಾಮಾತೆಯ ರೂಪಗಳೆಂಬ ವಾದವನ್ನು ಪೀಟರ್ ಅಕೋ ಅವರು 1968ರಲ್ಲೇ ಪ್ರಶ್ನಿಸಿದ್ದರು. ಬೊಂಬೆ ಎಲ್ಲಿ ಸಿಕ್ಕಿತು, ಹೇಗೆ ಮುರಿದಿತ್ತು, ಜೊತೆಯಲ್ಲಿ ಏನಿತ್ತು ಎಂಬುದನ್ನು ನೋಡದೆ ಆಕಾರವನ್ನಷ್ಟೇ ಕಂಡು ದೇವತೆಯೆಂದು ಹೇಳಲಾಗದು ಎಂಬುದು ಅವರ ಆಕ್ಷೇಪದ ತಿರುಳು. ಟರ್ಕಿಯ ಚಾತಾಲ್ ಹ್ಯೂಯುಕ್‌ನಲ್ಲಿ 1961ರಿಂದ ಉತ್ಖನನ ನಡೆಸಿದ ಜೇಮ್ಸ್ ಮೆಲ್ಲಾರ್ಟ್ ಅವರು ಅಲ್ಲಿ ಮಾತೃದೇವತೆಯ ಆರಾಧನೆಯನ್ನು ಕಂಡರು. 1993ರಿಂದ ಅದೇ ನೆಲೆಯಲ್ಲಿ ಕೆಲಸ ಮಾಡಿದ ಇಯಾನ್ ಹಾಡರ್ ಅವರ ತಂಡಕ್ಕೆ ಆ ಚಿತ್ರ ಅಷ್ಟು ಸರಳವಾಗಿ ಕಾಣಲಿಲ್ಲ. ಮರಿಯಾ ಗಿಂಬುಟಾಸ್ ಅವರು ಪ್ರಾಚೀನ ಯುರೋಪಿನ ದೇವಿಯರ ಬಗ್ಗೆ 1974ರಲ್ಲಿ ಬರೆದ ಗ್ರಂಥಕ್ಕೆ ಅಭಿಮಾನಿಗಳು ಎಷ್ಟಿದ್ದರೋ ಆಕ್ಷೇಪಿಸುವ ಪುರಾತತ್ತ್ವಜ್ಞರೂ ಅಷ್ಟೇ ಇದ್ದರು. ಎಂದರೆ ಮಹಾಮಾತೆಯ ಸಿದ್ಧಾಂತದಲ್ಲೂ ಕಲ್ಪನೆಯ ಪಾಲು ಕಡಿಮೆಯದಲ್ಲ. ವಿದ್ವಾಂಸರು ಊಹಿಸಿದ ಮತವನ್ನು ಆಟಗಾರರು ಆಡಿದರು. ವಿದ್ವಾಂಸರು ತಾವು ಊಹಿಸಿದ್ದನ್ನು ಇತಿಹಾಸವೆಂದರು, ಆಟಗಾರರು ಆಟವೆಂದೇ ಹೇಳಿದರು. ಪ್ರಾಮಾಣಿಕತೆಯ ಅಂಕ ಯಾರಿಗೆ ಹೆಚ್ಚು ಸಲ್ಲಬೇಕೆಂಬುದು ಯೋಚಿಸತಕ್ಕದ್ದೇ.

ಸಿದ್ಧಾಂತವನ್ನು ಹಾಗೆಯೇ ಇಳಿಸಿಕೊಂಡ ಕಡೆ ಕಲ್ಪಿತ ಮತ ಬಡವಾಗಿಯೇ ಉಳಿಯುತ್ತದೆ. ಎಡ್ ಗ್ರೀನ್‌ವುಡ್ ಅವರ ಕಲ್ಪನೆಯ, 1987ರಲ್ಲಿ ಪ್ರಕಟವಾದ ‘ಫರ್ಗಾಟನ್ ರೆಲ್ಮ್ಸ್’ ಲೋಕದ ಚಾಂಟಿಯಾ ಇದಕ್ಕೆ ಉದಾಹರಣೆ. ಅವಳು ಮಹಾಮಾತೆ, ಬೇಸಾಯದ ದೇವತೆ, ಗೋಧಿಯ ತೆನೆ ಅವಳ ಲಾಂಛನ. ನೆಡಿರಿ, ಬೆಳೆಸಿರಿ, ಹಾಳುಮಾಡಬೇಡಿರಿ ಎಂಬುದು ಅವಳ ಬೋಧೆಯ ಸಾರ. ಇದರಲ್ಲಿ ತಪ್ಪೇನೂ ಇಲ್ಲ, ಜಗಳವೂ ಇಲ್ಲ. ಸಾಹಸಕ್ಕೆ ಹೊರಟ ತಂಡದಲ್ಲಿ ಗಾಯ ಮಾಯಿಸುವ ಪುರೋಹಿತನಿಗೆ ಒಬ್ಬ ದೇವತೆ ಬೇಕಿತ್ತು, ಆ ಸ್ಥಾನವನ್ನು ಅವಳು ತುಂಬುತ್ತಾಳೆ. ಹೊಲದ ಒಡೆಯನೂ ಆಳೂ ಒಂದೇ ದೇವಿಗೆ ಕೈಮುಗಿದಾಗ ಆ ಇಬ್ಬರು ಕೇಳಿಕೊಳ್ಳುವುದು ಒಂದೇ ವರವನ್ನೋ ಎಂಬ ಸಂದೇಹ ಅಲ್ಲಿ ಹುಟ್ಟುವುದಿಲ್ಲ. ಹೆಸರು ಬದಲಿಸಿದರೆ ಅದೇ ದೇವಿ ಯಾವ ಲೋಕಕ್ಕಾದರೂ ಸಲ್ಲುತ್ತಾಳೆ. ಸಂಶೋಧನ ಲೇಖನಗಳಲ್ಲಿ ಬರುವ ಅನೇಕ ‘ಫಲವಂತಿಕೆಯ ದೇವತೆ’ಯರ ಅವಸ್ಥೆಯೂ ಇದೇ ಅಲ್ಲವೇ?

ಗ್ಲೊರಾಂತದ ಮಹತ್ವ ಇರುವುದು ಬೇರೆ ಕಡೆ. ರೂನ್‌ಕ್ವೆಸ್ಟ್‌ನಲ್ಲಿ ಪುರೋಹಿತನಲ್ಲದ ಪಾತ್ರವೂ ಯಾವುದಾದರೊಂದು ದೇವತೆಯ ಪಂಥಕ್ಕೆ ಸೇರಬಹುದು. ಹೀಗಾಗಿ ಪಂಥದ ಒಳಗಿನ ಬದುಕನ್ನು ಬರೆಯಲೇಬೇಕಾಯಿತು. ಸ್ಟಾಫರ್ಡ್ ಮತ್ತು ಸ್ಟೀವ್ ಪೆರಿನ್ ಅವರು 1979ರಲ್ಲಿ ಹೊರತಂದ ‘ಕಲ್ಟ್ಸ್ ಆಫ್ ಪ್ರಾಕ್ಸ್’ ಇದಕ್ಕೊಂದು ಮಾದರಿಯನ್ನು ಹಾಕಿಕೊಟ್ಟಿತು. ಪ್ರತಿ ದೇವತೆಗೂ ಪುರಾಣವೇನು, ಸಮಾಜದಲ್ಲಿ ಪಂಥದ ಸ್ಥಾನವೇನು, ಸಾಮಾನ್ಯ ಭಕ್ತನಾಗಲು ಏನು ಕೊಡಬೇಕು, ದೀಕ್ಷೆ ಪಡೆದವನ ಕರ್ತವ್ಯವೇನು, ಪೂಜಾರಿಯಾಗಲು ಯಾವ ಅರ್ಹತೆ ಬೇಕು, ಯಾವ ಪಂಥಗಳೊಂದಿಗೆ ಸ್ನೇಹ, ಯಾವುದರೊಂದಿಗೆ ವೈರ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರಲೇಬೇಕು. ನಡುನಡುವೆ ಊರೂರು ಅಲೆಯುವ ವ್ಯಾಪಾರಿಯೊಬ್ಬನ ಅನುಭವಕಥನವೂ ಬರುತ್ತದೆ. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯ ಕೈಯಲ್ಲಿರುವ ಪ್ರಶ್ನಾವಳಿಗಿಂತ ಈ ಆಟದ ಪುಸ್ತಕದ ಪ್ರಶ್ನಾವಳಿ ಕೆಲವೆಡೆ ಹರಿತವಾಗಿದೆ ಎಂದರೆ ಮುನಿಸಿಕೊಳ್ಳಬೇಕಾಗಿಲ್ಲ.

ಅದೇ ಪುಸ್ತಕದಲ್ಲಿ ಬರುವ ಈರಿತಾ ಎಂಬ ಮಂದೆಯ ತಾಯಿ ಈ ಮಾತಿಗೆ ಒಳ್ಳೆಯ ನಿದರ್ಶನ. ಪ್ರಾಕ್ಸ್ ಎಂಬ ಒಣನೆಲದ ಅಲೆಮಾರಿಗಳಿಗೆ ಬೇಸಾಯವಿಲ್ಲ. ಅವರ ಸಮೃದ್ಧಿಯೆಲ್ಲ ದನದ ಮಂದೆಯೇ. ಮಹಾಂಧಕಾರದ ಬರದಲ್ಲಿ ಹುಲ್ಲು ಎಲ್ಲರಿಗೂ ಸಾಲದೆ ಬಂದಾಗ ಈರಿತಾಳ ಮಗ ವಾಹಾ ಒಂದು ಒಡಂಬಡಿಕೆ ಮಾಡಿಸುತ್ತಾನೆ. ಮನುಷ್ಯ ಮತ್ತು ಪ್ರಾಣಿ ಇಬ್ಬರಲ್ಲಿ ಒಬ್ಬರು ಹುಲ್ಲು ತಿನ್ನಬೇಕು, ಇನ್ನೊಬ್ಬರು ಹುಲ್ಲು ತಿಂದವರನ್ನು ತಿನ್ನಬೇಕು. ಯಾರು ಯಾವುದೆಂಬುದು ಸ್ಪರ್ಧೆಯಿಂದ ತೀರ್ಮಾನವಾಗಬೇಕು. ಹೆಚ್ಚಿನ ಕುಲಗಳಲ್ಲಿ ಮನುಷ್ಯರು ಗೆದ್ದರು. ಮೊರೊಕಾಂತ್ ಎಂಬ ಪ್ರಾಣಿಕುಲವೊಂದು ಮಾತ್ರ ಮನುಷ್ಯರನ್ನು ಗೆದ್ದಿತು. ಸೋತ ಮನುಷ್ಯರು ಬುದ್ಧಿ ಕಳೆದುಕೊಂಡು ಅವರ ಮಂದೆಯಾಗಿ ಮೇಯುತ್ತಿದ್ದಾರೆ. ಪ್ರಾಣಿಯನ್ನು ಕಡಿಯುವಾಗ ಅದರ ಜೀವ ತಾಯಿಗೆ ಮರಳುವಂತೆ ಮಾಡುವ ವಿಧಿಯನ್ನು ಪ್ರತಿಯೊಬ್ಬ ಕುಲಸ್ಥನೂ ಕಲಿಯಬೇಕು. ಈ ಕಥೆ ಭೀಕರವಾಗಿದೆ, ಉದ್ದೇಶಪೂರ್ವಕವಾಗಿಯೇ ಭೀಕರವಾಗಿದೆ. ಸಮೃದ್ಧಿ ಎಂಬುದು ದೇವಿಯ ಮಡಿಲಿನಿಂದ ಸುಮ್ಮನೆ ಸುರಿಯುವ ವಸ್ತುವಲ್ಲ, ತಿನ್ನುವವರು ಯಾರು, ತಿನ್ನಿಸಿಕೊಳ್ಳುವವರು ಯಾರು ಎಂಬ ನಿರ್ಣಯದ ಫಲ ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳುವ ವ್ಯಾಖ್ಯಾನ ಫ್ರೇಜರ್ ಅವರಲ್ಲಿ ಸಿಗುವುದಿಲ್ಲ.

ಎರ್ನಾಲ್ಡಾಳ ಪರಿವಾರದಲ್ಲೂ ಇಂಥ ಒರಟು ಅಂಚುಗಳಿವೆ. ಅವಳ ಸೋದರಿ ಮಾರನ್ ಗೋರ್ ನೆಲವನ್ನು ನಡುಗಿಸುವವಳು. ಮಗಳು ಬಬೀಸ್ಟರ್ ಗೋರ್ ಕೊಡಲಿ ಹಿಡಿದು ಭೂದೇವಿಯ ಗುಡಿಗಳನ್ನು ಕಾಯುವ, ತಪ್ಪಿ ನಡೆದವರ ಮೇಲೆ ಸೇಡು ತೀರಿಸಿಕೊಳ್ಳುವ ದೇವತೆ. ಅವಳಿಗೆ ಗಂಡನಿಲ್ಲ, ಬೇಕಾಗಿಯೂ ಇಲ್ಲ. ಟೈ ಕೋರಾ ಟೆಕ್ ಸತ್ತವರನ್ನು ಒಡಲಲ್ಲಿ ಇಟ್ಟುಕೊಳ್ಳುವವಳು. ಕನ್ಯೆ, ತಾಯಿ, ಮುದುಕಿಯೆಂಬ ಅಚ್ಚು ಇಲ್ಲಿ ಬಿರುಕು ಬಿಡುತ್ತದೆ. ಬೆಳೆದದ್ದನ್ನು ಕೂಡಿಡುವುದು, ಕೂಡಿಟ್ಟದ್ದನ್ನು ಕಾಯುವುದು, ಕಾಯುವುದಕ್ಕಾಗಿ ಕೊಲ್ಲುವುದು ಕೂಡ ಭೂದೇವಿಯ ಮತದ ಭಾಗವೇ ಎಂಬ ಅರಿವು ಅದರಲ್ಲಿದೆ. ಹಗೇವಿನಲ್ಲಿ ಜೋಳ ಹಾಕಿ ಬಾಯಿ ಮುಚ್ಚಿ ಕಾಯುತ್ತಿದ್ದ ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಪುರಾಣಗಳ ಬಹುಪಾಠಗಳ ವಿಷಯದಲ್ಲೂ ಈ ಲೋಕ ಎಚ್ಚರವಾಗಿದೆ. ಒರ್ಲಾಂತ್‌ನ ಭಕ್ತರ ಕಥೆಯಲ್ಲಿ ಅವನು ಎರ್ನಾಲ್ಡಾಳನ್ನು ದುಷ್ಟ ಚಕ್ರವರ್ತಿಯಿಂದ ಬಿಡಿಸಿ ತಂದ ವೀರ. ಹೆಂಗಸರೇ ಆಳುವ ಎಸ್ರೋಲಿಯ ದೇಶದಲ್ಲಿ ಅವಳಿಗೆ ಗಂಡಂದಿರು ಹಲವರು, ಒರ್ಲಾಂತ್ ಆ ಹಲವರಲ್ಲಿ ಒಬ್ಬ. ಸೂರ್ಯಚಕ್ರವರ್ತಿಯ ಭಕ್ತರನ್ನು ಕೇಳಿದರೆ ಒರ್ಲಾಂತ್ ಬರೀ ದಂಗೆಕೋರ, ಕೊಲೆಗಡುಕ. ಈ ಪಾಠಗಳಲ್ಲಿ ‘ಮೂಲ’ ಯಾವುದೆಂದು ಲೋಕದ ನಿರ್ಮಾಪಕರು ತೀರ್ಪು ಕೊಡಲಿಲ್ಲ. ವರ್ಷದ ಅವಧಿಗೆ ಮಾತ್ರ ಒಪ್ಪಿಕೊಂಡ ಮದುವೆಯೂ ಸೇರಿದಂತೆ ಹಲವು ಬಗೆಯ ಮದುವೆಗಳು ಈ ಸಮಾಜದಲ್ಲಿ ಇರುವುದಕ್ಕೂ ದೇವಿಗೆ ಹಲವು ಗಂಡಂದಿರಿರುವುದಕ್ಕೂ ಸಂಬಂಧವಿದೆ.

ಈ ಲೋಕವನ್ನೇ ಆಧರಿಸಿ 1999ರಲ್ಲಿ ಬಂದ ‘ಕಿಂಗ್ ಆಫ್ ಡ್ರಾಗನ್ ಪಾಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಭಕ್ತಿಗೆ ಲೆಕ್ಕಪತ್ರವೇ ಇದೆ. ಕುಲವೊಂದನ್ನು ನಡೆಸುವ ಆಟಗಾರನು ಬೆಳೆಗೆ ಹರಕೆ ಕೊಡಬೇಕೆಂದರೆ ದನಗಳನ್ನು ಬಲಿ ಕೊಡಬೇಕು. ವರ್ಷದ ಕೊನೆಯ ಪವಿತ್ರ ಕಾಲದಲ್ಲಿ ಕುಲದ ದೈವಶಕ್ತಿಯನ್ನು ಬೆಳೆ, ದನಕರು, ಯುದ್ಧ, ವ್ಯಾಪಾರ ಮೊದಲಾದವುಗಳಿಗೆ ಹಂಚಬೇಕು. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕಿಲ್ಲ. ಉಳುವ ನೆಲ ಹೆಚ್ಚಿದರೆ ಗೋಮಾಳ ಕುಗ್ಗುತ್ತದೆ, ಕಾಡು ಸರಿಯುತ್ತದೆ. ಹಾಗಾಗಿ ಭೂದೇವಿಗೆ ಎಷ್ಟು ಕೊಡಬೇಕೆಂಬ ಪ್ರಶ್ನೆ ಶ್ರದ್ಧೆಯದಷ್ಟೇ ಆಗಿ ಉಳಿಯದೆ ಕುಲದ ಹಿರಿಯರ ಜಗಳಕ್ಕೆ ವಸ್ತುವಾಗುತ್ತದೆ. ಚರಿತ್ರೆಯೂ ಇದಕ್ಕೆ ಸಾಕ್ಷಿ ಕೊಡುತ್ತದೆ. ಅನಟೋಲಿಯದ ಮಹಾಮಾತೆ ಸಿಬೆಲೆಯನ್ನು ಕ್ರಿ.ಪೂ. 204ರಲ್ಲಿ ರೋಮ್ ನಗರಕ್ಕೆ ಬರಮಾಡಿಕೊಂಡದ್ದು ಗೋಧಿ ಬೆಳೆಯಲೆಂದಲ್ಲ, ಹನಿಬಾಲನನ್ನು ಇಟಲಿಯಿಂದ ಓಡಿಸಲೆಂದು. ‘ಫಲವಂತಿಕೆಯ ದೇವತೆ’ ಎಂದು ಹಣೆಪಟ್ಟಿ ಹಚ್ಚಿದವಳನ್ನು ರಾಜ್ಯ ಕರೆದದ್ದು ಯುದ್ಧಕ್ಕೆ.

ಇಷ್ಟಾದರೂ ಕಲ್ಪಿತ ಮತದ ಕೊರತೆಯನ್ನು ಮರೆಮಾಚುವಂತಿಲ್ಲ. ಆಟದ ನಿಯಮದಲ್ಲಿ ಬೆಳೆಯನ್ನು ಹರಸುವ ಮಂತ್ರವಿದೆ. ಪೂಜಾರಿಣಿ ಅದನ್ನು ಸರಿಯಾಗಿ ಪ್ರಯೋಗಿಸಿದರೆ ದೇವಿ ಒಲಿಯುತ್ತಾಳೆ. ನಿಜವಾದ ಮತಗಳು ಹುಟ್ಟುವುದು ದೇವಿ ಒಲಿಯದ ವರ್ಷಗಳಲ್ಲಿ. ಎಲ್ಲ ವಿಧಿ ನಡೆಸಿದರೂ ಮಳೆ ಬಾರದಾಗ, ಹುಟ್ಟಿದ ಕೂಸು ಉಳಿಯದಾಗ, ಯಾರ ತಪ್ಪು ಎಂದು ಹುಡುಕುವ ಊರಿನ ಕಣ್ಣು ಯಾರ ಮೇಲೆ ಬೀಳುತ್ತದೆ? ‘ಬಂಜೆ’ ಎಂಬ ಪದವನ್ನು ಹೊತ್ತು ಬದುಕಿದ ಹೆಂಗಸಿಗೆ ಫಲವಂತಿಕೆಯ ದೇವಿ ತಾಯಿಯೂ ಹೌದು, ದಿನನಿತ್ಯದ ಆರೋಪವೂ ಹೌದು. ದೇವಿಯ ಉತ್ತರ ಖಚಿತವಾಗಿರುವ ಲೋಕದಲ್ಲಿ ಈ ನೋವಿಗೆ ಜಾಗ ಸಾಲದು. ಶ್ರಮದ ಚಿತ್ರವೂ ತೆಳುವೇ. ಗ್ರೀಸಿನ ಥೆಸ್ಮೊಫೋರಿಯಾ ಹಬ್ಬದಲ್ಲಿ ಹೆಂಗಸರು ಗುಂಡಿಗೆ ಎಸೆದಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು ಮೇಲೆತ್ತಿ ತಂದು ಬೀಜದೊಂದಿಗೆ ಬೆರೆಸುತ್ತಿದ್ದರು. ಆ ಗುಂಡಿಗೆ ಇಳಿದ ಹೆಂಗಸರ ಕೈಗೆ ಹತ್ತಿದ ವಾಸನೆ ಎರ್ನಾಲ್ಡಾಳ ಅಲಂಕೃತ ಪೂಜಾರಿಣಿಯರ ಬಳಿ ಸುಳಿಯುವುದಿಲ್ಲ.

ಈ ಕೊರತೆ ಆಟದವರದು ಮಾತ್ರವೆಂದು ಹೇಳಿ ಕನ್ನಡ ಸಂಶೋಧನೆ ಪಾರಾಗಲಾರದು. ನಾಗನಾಥಕೊಳ್ಳದಲ್ಲಿ ದೊರೆತು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯನ್ನೇ ನೋಡಬಹುದು. ತಲೆಯ ಜಾಗದಲ್ಲಿ ತಾವರೆ, ಹೆರಿಗೆಯನ್ನು ನೆನಪಿಸುವಂತೆ ಅಗಲಿಸಿದ ಕಾಲುಗಳು. ನೋಡಿದ ಕೂಡಲೇ ಫಲವಂತಿಕೆ ಎಂಬ ಪದ ನಾಲಗೆಗೆ ಬರುತ್ತದೆ. ಸ್ಟೆಲ್ಲಾ ಕ್ರಾಮ್ರಿಶ್ ಅವರು ಇಂಥ ಮೂರ್ತಿಯಲ್ಲಿ ವೇದದ ಅದಿತಿಯನ್ನು ಕಂಡರು; ರಾ. ಚಿಂ. ಢೇರೆ ಅವರು ಮರಾಠಿಯಲ್ಲಿ ಈ ದೇವಿಯ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಆದರೆ ಇದೇ ಬಗೆಯ, ನಾಗಾರ್ಜುನಕೊಂಡದ ಮೂರ್ತಿಯೊಂದರ ಮೇಲೆ ಬರಹವಿದೆ. ಅದನ್ನು ಮಾಡಿಸಿದವಳು ಇಕ್ಷ್ವಾಕು ವಂಶದ ರಾಣಿ; ತಾನು ವಿಧವೆಯಲ್ಲ, ತನ್ನ ಮಕ್ಕಳು ಬದುಕಿದ್ದಾರೆ ಎಂಬುದನ್ನು ಅವಳು ಅಲ್ಲಿ ಕೆತ್ತಿಸಿದ್ದಾಳೆ. ಹೊಲದ ಮಾತಿಲ್ಲ, ಮಳೆಯ ಮಾತಿಲ್ಲ. ಗಂಡ ಸತ್ತರೆ, ಮಕ್ಕಳು ಉಳಿಯದಿದ್ದರೆ ಅರಮನೆಯಲ್ಲೂ ಹೆಣ್ಣಿನ ನೆಲೆ ಏನಾಗುತ್ತದೆ ಎಂಬ ಭಯ ಆ ಎರಡು ವಿಶೇಷಣಗಳ ಬೆನ್ನಿಗಿದೆ. ಆ ಭಯವನ್ನು ‘ಭೂಮಿಯ ಸಮೃದ್ಧಿಯ ಸಂಕೇತ’ ಎಂದು ಅನುವಾದಿಸುವುದು ಶಾಸನವನ್ನು ಓದುವ ಕ್ರಮವಲ್ಲ.

ಫಲವಂತಿಕೆಯ ಆಚರಣೆಯೊಂದನ್ನು ಕಲ್ಪನೆಯಿಂದ ಮರುಕಟ್ಟಿ, ಆಟದ ನಿರ್ಮಾಪಕರು ಮುಟ್ಟದ ಪ್ರಶ್ನೆಯನ್ನು ಮುಟ್ಟಿದ ಕೃತಿ ಕನ್ನಡದಲ್ಲಿಯೇ ಇದೆ. ಚಂದ್ರಶೇಖರ ಕಂಬಾರ ಅವರ 1972ರ ‘ಜೋಕುಮಾರಸ್ವಾಮಿ’ಯಲ್ಲಿ ಮಕ್ಕಳಿಲ್ಲದ ಗೌಡತಿ ವ್ರತದ ಪಲ್ಯವನ್ನು ಗಂಡನಿಗೆ ಉಣಿಸಲು ಹೊರಡುತ್ತಾಳೆ, ಅದನ್ನು ಉಂಡವನು ಗೌಡನಿಗೆ ತಲೆಬಾಗದ ಒಕ್ಕಲಿಗ ಬಸಣ್ಣ. ಹೊಲ ಉಳುವವನದೋ ಹೆಸರಿರುವವನದೋ ಎಂಬ ವ್ಯಾಜ್ಯ, ಬಸಿರು ಯಾರದು ಎಂಬ ವ್ಯಾಜ್ಯದೊಂದಿಗೆ ಹೆಣೆದುಕೊಳ್ಳುತ್ತದೆ, ಬಸಣ್ಣನ ಕೊಲೆಯಾಗುತ್ತದೆ. ನಾಟಕದ ಬಗ್ಗೆ ಬಂದಿರುವ ವಿಮರ್ಶೆ ಇದನ್ನೆಲ್ಲ ಗುರುತಿಸಿದೆ. ಆದರೆ ಅದೇ ಅರಿವು ಜೋಕುಮಾರನ ಆಚರಣೆಯನ್ನು ವಿವರಿಸುವ ಜಾನಪದ ಲೇಖನಗಳಿಗೆ ಅಪರೂಪಕ್ಕೂ ಹರಿದುಬಂದಿಲ್ಲ. ನಾಟಕ ಸಾಹಿತ್ಯ ವಿಭಾಗದ ಸೊತ್ತು, ಆಚರಣೆ ಜಾನಪದ ವಿಭಾಗದ ಸೊತ್ತು ಎಂಬ ಗಡಿ ಕಲ್ಪನೆಯ ಕೃತಿಗೂ ಕ್ಷೇತ್ರದ ದತ್ತಕ್ಕೂ ನಡುವೆ ಗೋಡೆ ಕಟ್ಟಿದೆ. ಎರ್ನಾಲ್ಡಾಳಂಥ ಪರದೇಶದ ಕಲ್ಪಿತ ದೇವಿಯನ್ನು ಇಲ್ಲಿ ಎಳೆದು ತಂದದ್ದು ಆ ಗೋಡೆಯ ಕಾರಣಕ್ಕೆ.

ಭಾದ್ರಪದದಲ್ಲಿ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಜೋಕುಮಾರನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಒಯ್ಯುವವರು ಗಂಗಾಮತ, ಅಂಬಿಗ ಮೊದಲಾದ ಸಮುದಾಯಗಳ ಹೆಂಗಸರು. ಹೊಲ ಹುಲುಸಾಗಲೆಂದು ಕೈಮುಗಿಯುವವರು ಹೊಲ ಉಳ್ಳವರು. ಬುಟ್ಟಿಯನ್ನು ಹೊತ್ತವಳಿಗೆ ಹೊಲವಿದೆಯೇ, ಏಳು ದಿನ ತಿರುಗಿದ ಮೇಲೆ ಅವಳ ಮನೆಗೆ ಎಷ್ಟು ಸೇರು ಜೋಳ ಬರುತ್ತದೆ, ಅವಳ ಮಗಳು ಮುಂದೆ ಈ ಬುಟ್ಟಿಯನ್ನು ಹೊರಲು ಒಪ್ಪುತ್ತಾಳೆಯೇ ಎಂಬ ವಿವರಗಳು, ಜೋಕುಮಾರನ ಬಾಯಿಗೆ ಸವರಿದ ಬೆಣ್ಣೆಯ ವರ್ಣನೆಯ ಪಕ್ಕದಲ್ಲಿಯೇ ಟಿಪ್ಪಣಿ ಪುಸ್ತಕದಲ್ಲಿ ದಾಖಲಾಗಬೇಕಾದವು.